ಅಮ್ಮ ಕೇಳದ ಕಿಡ್ನಿ

ಚೆನ್ನೈನ ಅಂಬತ್ತೂರಿನ ನಮ್ಮ ಬೀದಿಯಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ಆ ಮನೆಗೆ ಅಮ್ಮ ಬಂದಿದ್ದಾಳೆ ಎಂದರ್ಥ. ಯಾರಿಗೋ ಮೈಮೇಲೆ ಗುಳ್ಳೆ ಎದ್ದಿದೆ, ಇಲ್ಲಿಯವರ ಬಾಯಲ್ಲಿ ಅದು ಅಮ್ಮೈ. ಹೊರಗಿನವರು ಒಳಗೆ ಹೋಗಬಾರದು, ಒಗ್ಗರಣೆ ಹಾಕಬಾರದು, ಮಾತ್ರೆ ನುಂಗಬಾರದು. ಎರಡು ಸಾವಿರದ ಐದರ ಬೇಸಿಗೆಯಲ್ಲಿ ಪಕ್ಕದ ಮನೆ ಅಂಬುಜಮ್ಮನ ಬಾಗಿಲಲ್ಲಿ ಆ ಸೊಪ್ಪು ಕಂಡಿತು. ಅವಳ ಸೊಸೆಗೆ ಲೂಪಸ್ ಎಂಬ ಕಾಯಿಲೆ ಇರುವುದು ನನಗೆ ಗೊತ್ತಿತ್ತು, ನೇರ ಒಳಗೆ ನುಗ್ಗಿದೆ.

ಸೊಸೆ ರಂಜನಿ ಗೋಡೆಗೆ ಒರಗಿ ಕೂತಿದ್ದಳು. ಮೂಗಿನಿಂದ ಎರಡೂ ಕೆನ್ನೆಗೆ ಕೆಂಪು ಹರಡಿತ್ತು. ಪಾದಗಳು ಊದಿಕೊಂಡಿದ್ದವು.

"ಒಳಗ್ಯಾಕೆ ಬಂದ್ರಿ ಪುಟ್ಟತಾಯಮ್ಮ? ಇವಳಿಗೆ ಅಮ್ಮೈ ಹಾಕಿದೆ," ಎಂದಳು ಅಂಬುಜಮ್ಮ.

"ಅಮ್ಮೈ ಆದ್ರೆ ಗುಳ್ಳೆ ಎಲ್ರೀ? ಲೂಪಸ್ ಅಂತ ಡಾಕ್ಟರು ಕೊಟ್ಟ ಮಾತ್ರೆ ಎಲ್ಲಿ?"

"ಅಟ್ಟದ ಮೇಲಿಟ್ಟಿದೀನಿ. ಅಮ್ಮ ಇಳಿಯೋ ತನಕ ಮುಟ್ಟಬಾರದು."

ನನಗೆ ಮೈ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ರಂಜನಿ ಎದ್ದು ನಿಂತಳು. "ಮಾತ್ರೆ ಬಿಟ್ಟರೆ ಕಿಡ್ನಿ ಹೋಗುತ್ತೆ ಅಂದಿದ್ರು ಡಾಕ್ಟರು, ಅತ್ತೆ. ಕಾಲು ನೋಡಿ!"

ಅವಳ ಗಂಡ ಹರಿಹರ ಗೊಣಗಿದ: "ನಮ್ಮ ರಕ್ತಾನೇ ನಮ್ಮನ್ನ ಹೊಡೆಯುತ್ತಂತೆ. ನಂಬೋ ಮಾತಾ?"

ರಂಜನಿ ಅವನ ಕೈ ಹಿಡಿದೆತ್ತಿದಳು. ಫ್ಯಾಕ್ಟರಿಯ ಪ್ರೆಸ್ ಮೆಷೀನಿಗೆ ಸಿಕ್ಕಿ ಅವನ ತೋರುಬೆರಳಿನ ತುದಿ ಹೋಗಿತ್ತು.

"ಇದು ಹೇಗೆ ಹೋಯ್ತು?"

"ಸ್ವಿಚ್ ಸಿಕ್ಕಾಕೊಂಡಿತ್ತು. ಆಫ್ ಮಾಡಿದ್ರೂ ಮೆಷೀನ್ ನಿಲ್ಲಲಿಲ್ಲ."

"ಆಗ ಮೆಷೀನಿಗೆ ಬೇವು ಕಟ್ಟಿದ್ರಾ? ನನ್ನೊಳಗೂ ಅದೇ ಆಗಿರೋದು. ರಕ್ತದ ಬಿಳಿ ಕಣಗಳು ನಮ್ಮ ಕಾವಲಿಗಿರೋದು. ರೋಗಾಣು ಬಂದಾಗ ಅವುಗಳ ಒಳಗಿನ ಕೆಲವು ಜೀನ್ ಆನ್ ಆಗ್ಬೇಕು, ಹೋದ್ಮೇಲೆ ತಣ್ಣಗಾಗ್ಬೇಕು. ನನಗೆ ತಣ್ಣಗಾಗ್ತಿಲ್ಲ. ವೈರಿ ಇಲ್ದಿದ್ರೂ ಹೊಡೀತಾನೇ ಇವೆ, ಚರ್ಮ, ಕೀಲು, ಕಿಡ್ನಿ ಅಂತಿಲ್ಲ. ಆ ಹೊಡೆತ ತಗ್ಗಿಸೋ ಮಾತ್ರೇನ ನೀವು ಅಟ್ಟಕ್ಕೆ ಹಾಕಿದೀರಿ!"

"ಜೀನ್ ಅಂದ್ರೆ ಅಪ್ಪನ ಮನೆಯಿಂದ ತಂದಿದ್ದು ಅನ್ನು!" ಎಂದಳು ಅಂಬುಜಮ್ಮ.

"ನಮ್ಮಪ್ಪನ ಮನೇಲಿ ಯಾರಿಗೂ ಇಲ್ಲ ಅತ್ತೆ. ಹುಟ್ಟಿನಿಂದ ಬಂದಿದ್ದು ಸ್ವಲ್ಪ ಇರಬಹುದು. ಬಿಸಿಲು, ಸೋಂಕು ಸೇರಿ ಕೆಡಿಸುತ್ತೆ. ಯಾರ ತಪ್ಪೂ ಅಲ್ಲ, ಯಾರಿಗೂ ಅಂಟಲ್ಲ."

ಹರಿಹರ ತನ್ನ ಮೊಂಡು ಬೆರಳನ್ನೇ ನೋಡುತ್ತಿದ್ದ. ಆಮೇಲೆ ಸ್ಟೂಲು ಹತ್ತಿ ಮಾತ್ರೆ ಇಳಿಸಿದ. "ನಡಿ, ಈಗಲೇ ಆಸ್ಪತ್ರೆಗೆ ಹೋಗೋಣ."

ಹೊಸ್ತಿಲಲ್ಲಿ ರಂಜನಿ ಬೇವಿನ ಸೊಪ್ಪು ಕಿತ್ತಳು.

"ಅಯ್ಯೋ, ಅಮ್ಮ ಕೋಪ ಮಾಡ್ಕೋತಾಳೆ ಕಣೇ!"

"ಅಮ್ಮನಿಗೆ ಗುಡೀಲಿ ಕೈ ಮುಗಿತೀನಿ ಅತ್ತೆ. ನನ್ನ ಕಿಡ್ನಿ ಅವಳು ಕೇಳಿಲ್ಲ."

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು. ಕಿಡ್ನಿಗೆ ಪೆಟ್ಟು ಬಿದ್ದಾಗಿತ್ತು. ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅಂಬುಜಮ್ಮನ ಎದುರೇ ಹೇಳಿದರು. ಕಿಡ್ನಿ ಉಳಿಯಿತು. ಈಗ ಸೊಸೆ ಕೊಡೆಯಿಲ್ಲದೆ ಬಿಸಿಲಿಗೆ ಹೊರಟರೆ ಅಂಬುಜಮ್ಮನ ಕೂಗು ಬೀದಿಗೆಲ್ಲ ಕೇಳುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕೆನ್ನೆ ಕೆಂಪಾಗಿ, ಕೀಲು ನೋಯುತ್ತಾ, ಜ್ವರ ಬಿಡದೆ, ಕೂದಲು ಉದುರುತ್ತಿದ್ದರೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸು ಎಂದು ಯಾರೇ ಹೇಳಲಿ, ಅತ್ತೆಯಾಗಲಿ, ಗಂಡನಾಗಲಿ, ಇಡೀ ಬೀದಿಯೇ ಆಗಲಿ, ರಂಜನಿಯ ಹಾಗೆ ಎದ್ದು ನಿಲ್ಲಿ. ಊದಿದ ಕಾಲಲ್ಲಿ ಅವಳು ನಿಂತಳು. ನಿಮಗೇನು ಅಡ್ಡಿ?