ಮೇಷ್ಟ್ರು ಗುರುತು ಹಾಕಿದ ಜಾಗ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಜರಡಿ ಎಂದೇ ಕರೆಯುತ್ತಿದ್ದರು. ಕೋಟಿಗಟ್ಟಲೆ ಕಣಗಳ ಡಿಕ್ಕಿಗಳನ್ನು ಸೋಸಿ, ಬೇಕಾದ ನಾಲ್ಕನ್ನು ಹೆಕ್ಕುವುದು ಅವಳ ಕೆಲಸ. ನಾಲ್ಕು ವರ್ಷ ಹಾಗೆ ಸೋಸಿದ ಮೇಲೆ, ಒಂದು ಭಾರವಾದ ಕಣ ಒಡೆಯುವುದರ ಗ್ರಾಫಿನಲ್ಲಿ, ಸಮತಟ್ಟಾಗಿರಬೇಕಿದ್ದ ಗೆರೆಯ ಮೇಲೆ ಒಂದು ಗುಡ್ಡ ಎದ್ದಿತ್ತು. ಕ್ವಾರ್ಕುಗಳೆಂಬ ಐದು ಮೂಲಕಣಗಳು ಒಟ್ಟಿಗೆ ಕೂತ ಹೊಸ ಕಣವೇ ಸಿಕ್ಕಿತೆಂದು ತಂಡದವರು ಆಗಲೇ ಹೆಸರಿಡಲು ಜಗಳಾಡುತ್ತಿದ್ದರು. ಅವಳಿಗೆ ಮಾತ್ರ ಆ ಗುಡ್ಡದ ಮೇಲೆ ಅನುಮಾನ.

ಅವಳಿಗೆ ಕೆಲಸ ಕಲಿಸಿದ ಮೇಷ್ಟ್ರು ಇಂಥ ಎಷ್ಟೋ ಗುಡ್ಡಗಳನ್ನು ಬರಿಯ ಭ್ರಮೆಯೆಂದು ತೋರಿಸಿ ನೆಲಸಮ ಮಾಡಿದವರು. ಈಗ ನೆನಪು ಕಳೆದುಕೊಂಡು ಮಗಳ ಮನೆಯಲ್ಲಿದ್ದರು. ಒಂದು ಮಧ್ಯಾಹ್ನ ಜರಡಿ ಅಲ್ಲಿಗೆ ಹೋದಳು.

ಮಗಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೇಷ್ಟ್ರು ಅವಳ ಮೇಜಿನ ಪಕ್ಕ ಕೂತು ಗುಂಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದರು. ಅವರಿಗೆ ಬಂದವಳ ಗುರುತು ಸಿಗಲಿಲ್ಲ. ಗ್ರಾಫ್ ಹೊರತೆಗೆಯಲು ಜರಡಿಗೆ ಧೈರ್ಯವಾಗಲಿಲ್ಲ. ಮಾತಿಗೆಂಬಂತೆ, ಯಾವ ಕಣ ಏನೇನಾಗಿ ಒಡೆಯುತ್ತದೆ ಎಂದಷ್ಟೇ ಹೇಳಿದಳು.

ಅವರ ಕೈ ನಿಂತಿತು. ಮಗಳ ಸೀಮೆಸುಣ್ಣ ಎತ್ತಿಕೊಂಡು ಕಪ್ಪು ಬಟ್ಟೆಯ ಮೇಲೆ ತ್ರಿಕೋಣ ಎಳೆದರು. ದೊಡ್ಡ ಕಣ ಎರಡಾಗುತ್ತದೆ. ಅದರಲ್ಲೊಂದು ಮತ್ತೆ ಒಡೆದು, ಅದರ ಚೂರು ಮುಂದೆ ಓಡುತ್ತಿರುವ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ವೇಗಗಳು ತಕ್ಕಂತೆ ಕೂಡಿಬಂದರೆ ಲೆಕ್ಕವೆಲ್ಲ ಒಂದೇ ಕಡೆ ಗುಂಪುಗಟ್ಟಿ, ಹೊಸ ಕಣವೇ ಹುಟ್ಟಿದಂತೆ ಕಾಣುತ್ತದೆ. ಇದನ್ನೆಲ್ಲ ಅವರು ಹಿಂದೆ ತರಗತಿಯಲ್ಲಿ ಹೇಳುತ್ತಿದ್ದ ದನಿಯಲ್ಲೇ ಹೇಳಿದರು. ಆಮೇಲೆ ಒಂದು ಅಡ್ಡಗೆರೆ ಎಳೆದು, ಗುರುತು ಹಾಕಿ, ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಬರೆದರು.

ಜರಡಿ ಆ ಸಂಖ್ಯೆಯನ್ನು ಮತ್ತೊಮ್ಮೆ ಓದಿದಳು. ಚೀಲದೊಳಗಿದ್ದ ಗ್ರಾಫಿನಲ್ಲಿ ಗುಡ್ಡದ ನೆತ್ತಿ ಇದ್ದದ್ದೂ ಅಲ್ಲೇ. ಕೊನೆಯ ಅಂಕಿಯೂ ತಪ್ಪಿರಲಿಲ್ಲ.

"ಇಲ್ಲಿ ಕಾಣ್ಸತ್ತೆ," ಎಂದರು ಮೇಷ್ಟ್ರು. "ಆದ್ರೆ ಇಲ್ಲಿ ಯಾರೂ ಇಲ್ಲ."

ಮಗಳು ನೀರು ತಂದಳು. ಮೇಷ್ಟ್ರ ಕಣ್ಣು ಅವಳನ್ನು ಹಾಯ್ದು ಹಿಂದಿನ ಗೋಡೆಗೆ ನೆಟ್ಟಿತು. ಲೋಟ ಗಾಳಿಯಲ್ಲಿ ತಾನಾಗಿ ತೇಲಿಬಂತೆಂಬಂತೆ ಹಿಡಿದುಕೊಂಡರು. ಎರಡು ತಿಂಗಳಿಂದ ಹೀಗೇ, ತನ್ನೆದುರೇ ನಿಂತು ಮಗಳೆಲ್ಲಿ ಎಂದು ಹುಡುಕುತ್ತಾರೆ ಎಂದಳು ಆಕೆ.

ಗುಡ್ಡ ನಿಜವಾದ ಕಣದ್ದಾದರೆ ಬೇರೆ ಬಗೆಯಲ್ಲಿ ಒಡೆಯುವ ಕಣಗಳಲ್ಲೂ ಅದೇ ಜಾಗದಲ್ಲಿ ತಲೆ ಎತ್ತಬೇಕು. ಪ್ರಯೋಗಾಲಯಕ್ಕೆ ಮರಳಿದ ಜರಡಿ ಮೂರು ವಾರ ಊಟ ನಿದ್ದೆ ಬಿಟ್ಟು ಅವನ್ನು ಸೋಸಿದಳು. ಅಲ್ಲೆಲ್ಲ ಗೆರೆ ಚಪ್ಪಟೆ. ಮೇಷ್ಟ್ರ ತ್ರಿಕೋಣದ ಲೆಕ್ಕ ಮಾಡಿ ನೋಡಿದರೆ ಗುಡ್ಡಕ್ಕೆ ಅಚ್ಚು ಹೊಯ್ದಂತೆ ಕೂತಿತು. ತಂಡದವರಿಗೆ ಇದನ್ನು ಹೇಳಿದಳು. ಬೋರ್ಡಿನ ಮೇಲೆ ಹೊಸ ಕಣದ ಹೆಸರು ಬರೆದಿಟ್ಟವನು ಎದ್ದುಹೋಗಿ ಅದನ್ನು ಒರೆಸಿದ. ನಾಲ್ಕು ವರ್ಷದ ದುಡಿಮೆ ಕೈಬಿಟ್ಟು ಹೋಯಿತು. ಆದರೂ ಸುಳ್ಳು ಹೇಳುವುದು ತಪ್ಪಿತಲ್ಲ ಎಂದು ಅವಳಿಗೆ ಮನಸ್ಸು ಹಗುರಾಯಿತು.

ಸುದ್ದಿ ಹೇಳಲು ಮತ್ತೆ ಆ ಮನೆಗೆ ಹೋದಳು. ಬಾಗಿಲು ತೆರೆದ ಮಗಳು ಎಲ್ಲ ಕೇಳಿಸಿಕೊಂಡು, ಹಾಗಾದರೆ ಆ ಗುಡ್ಡ ಈಗ ಮಾಯವಾಯಿತೇ ಎಂದು ವಿಚಾರಿಸಿದಳು.

"ಇಲ್ಲಕ್ಕ, ಅದು ಇದ್ದ ಹಾಗೇ ಇದೆ. ಇನ್ಮುಂದಕ್ಕೂ ಕಾಣ್ತಾನೇ ಇರತ್ತೆ."

ಒಳಕೋಣೆಯಿಂದ ಮೇಷ್ಟ್ರ ಮಾತು ಕೇಳಿಸುತ್ತಿತ್ತು. ಒಂದು ಮಾತಾಡಿ ನಿಲ್ಲಿಸುವರು, ಕೇಳಿಸಿಕೊಳ್ಳುವರು, ನಗುವರು. ಅರೆತೆರೆದ ಬಾಗಿಲಲ್ಲಿ ಅವರೆದುರಿನ ಖಾಲಿ ಕುರ್ಚಿ ಕಾಣುತ್ತಿತ್ತು. ಜರಡಿ ಆ ಕಡೆ ಹೆಜ್ಜೆಯಿಟ್ಟಾಗ ಆಕೆ ಮೆಲ್ಲಗೆ ತೋಳು ಹಿಡಿದಳು.

"ಸ್ವಲ್ಪ ಹೊತ್ತು ಬಿಟ್ಟು ಹೋಗಿ," ಎಂದಳು. "ಮಗಳ ಜೊತೆ ಮಾತಾಡ್ತಿದ್ದಾರೆ."