ಉಪ್ಪಲ್‌ನಿಂದ ಬಾರದ ಸುದ್ದಿ

"ನಮ್ಮ ಹುಸೇನ್ ಸಾಗರದಾಗ ಇವ ನಿಂತಾನ, ಇಲ್ಲಿ ಕುಂತಾನ. ಛಲೋ ಮಾಡ್ಯಾನ. ಎಷ್ಟಂತ ನಿಲ್ಲಬೇಕು ಪಾಪ."

ಬುದ್ಧಗಯೆಯ ದೊಡ್ಡ ಬುದ್ಧನ ಮುಂದೆ ನಿಂತು, ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು ಪಾರ್ವತಿಬಾಯಿ ಹೀಗೆ ಹೇಳಿದಾಗ ಸೊಸೆ ಕಾವ್ಯಾ ನಗಬೇಕಿತ್ತು. ಅತ್ತೆಯ ಇಂಥ ಮಾತಿಗೆ ಹೈದರಾಬಾದಿನ ಮಣಿಕೊಂಡದ ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವವರು. ಆದರೆ ಈವತ್ತು ಕಾವ್ಯಾಳ ಕಣ್ಣು ಬುದ್ಧನ ಮೇಲೂ ಇರಲಿಲ್ಲ, ಅತ್ತೆಯ ಮೇಲೂ ಇರಲಿಲ್ಲ. ಮೊಬೈಲು ತೆಗೆಯುವಳು, ನೋಡುವಳು, ಚೀಲಕ್ಕೆ ಹಾಕುವಳು, ಮತ್ತೆ ತೆಗೆಯುವಳು.

"ಯಾರ ಫೋನ್ ಬರೋದೈತಿ?"

"ಯಾರದೂ ಇಲ್ರಿ ಅತ್ತಿ. ಟೈಮ್ ನೋಡಿದೆ."

ಕೈಯಲ್ಲಿ ಗಡಿಯಾರ ಕಟ್ಟಿಕೊಂಡೇ ಟೈಮ್ ನೋಡಲು ಮೊಬೈಲು ತೆಗೆಯುತ್ತಾಳೆ ಹುಡುಗಿ. ಪಾರ್ವತಿಬಾಯಿ ಅದನ್ನು ಗಮನಿಸಿದರೂ ಸುಮ್ಮನಾದರು. ಗಂಡ ಜೊತೆಗೆ ಬರಲಿಲ್ಲವೆಂದು ಮುನಿಸಿಕೊಂಡಿರಬೇಕು ಅಂದುಕೊಂಡರು. ಬೆಳಿಗ್ಗೆ ಗಯೆಯ ಲಾಡ್ಜಿನಲ್ಲಿ ಮಗ ವಿಜಯಕುಮಾರ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, "ಅವ್ವಾ, ಹೈದರಾಬಾದಿನಿಂದ ಫೋನ್ ಮ್ಯಾಲ ಫೋನ್ ಬರಾಕತ್ತಾವ. ಅಮೆರಿಕಾದವರ ಕೆಲಸ ನಿಂತೈತಿ. ನೀವಿಬ್ಬರೂ ಹೋಗಿ ಬುದ್ಧನ್ನ ನೋಡಿಕೊಂಡು ಬರ್ರಿ. ಸಂಜೀಕ ಮೂವರೂ ಕೂಡಿ ವಿಷ್ಣುಪಾದಕ್ಕ ಹೋಗೂಣು" ಎಂದು ಹೇಳಿ ಕಳಿಸಿದ್ದ. ಆ ಕಾಲದಲ್ಲಿ ಹೈಟೆಕ್ ಸಿಟಿಯಲ್ಲಿ ಕೆಲಸಕ್ಕಿದ್ದವರ ಮಾತನ್ನು ಅವರ ತಾಯಂದಿರು ಎದುರಾಡುವುದುಂಟೇ? ಅಮೆರಿಕ ಎಂದರೆ ಮುಗಿಯಿತು. ಮದುವೆ ಮಂಟಪದಿಂದ ಎದ್ದು ಹೋದರೂ ಮಾಫಿ.

ಅವರು ಬೋಧಿವೃಕ್ಷವನ್ನು ಸುತ್ತಿದರು. ಕೆಂಪು ಬಟ್ಟೆಯ ಭಿಕ್ಷುಗಳು ಹಲಗೆಯ ಮೇಲೆ ಉದ್ದಕ್ಕೆ ಬಿದ್ದು ಎದ್ದು ನಮಸ್ಕಾರ ಮಾಡುವುದನ್ನು ಪಾರ್ವತಿಬಾಯಿ ಬಾಯಿ ತೆರೆದು ನೋಡಿದರು. ಥಾಯ್‌ಲ್ಯಾಂಡಿನವರ ಗುಡಿ ನೋಡಿದರು, ಜಪಾನಿನವರ ಗುಡಿ ನೋಡಿದರು. ಅಲ್ಲೇ ನೆರಳಿಗೆ ಕುಳಿತಿದ್ದ ಬಿಜಾಪುರದ ಕಡೆಯ ಶಂಕ್ರಮ್ಮ ಎಂಬಾಕೆ ಮಾತಿಗೆ ಸಿಕ್ಕಳು. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಕೇಳಬೇಕೆ, ಮಾತಿನ ಗಂಟು ಬಿಚ್ಚಿತು. ವಿಷ್ಣುಪಾದದ ಗುಡಿಯ ಸಂಜೆಯ ಅಲಂಕಾರದ ವಿಷಯ ಹೇಳಿದ್ದು ಆ ಶಂಕ್ರಮ್ಮನೇ. ಸಂಜೆಯಾದರೆ ಪಾದಕ್ಕೆ ಗಂಧ ಮೆತ್ತಿ ಅಲಂಕಾರ ಮಾಡುತ್ತಾರೆ, ಬರಿಯ ಪಾದ ಮುಟ್ಟಬೇಕೆಂದರೆ ಮಧ್ಯಾಹ್ನದೊಳಗೇ ಹೋಗಬೇಕು ಎಂದಳು.

ಪಾರ್ವತಿಬಾಯಿ ಎದ್ದು ನಿಂತರು. "ನಡಿ ಕಾವ್ಯಾ, ಆಟೋ ಹಿಡಿ."

"ಸಂಜೀಕ ಅವರ ಜೋಡಿ ಹೋಗೋದೈತಲ್ರಿ ಅತ್ತಿ. ಇನ್ನಾ ಭೂತಾನದ ಗುಡಿ ನೋಡೋದೈತಿ."

"ಭೂತಾನದ ಗುಡಿ ಕಟ್ಟಿಕೊಂಡು ನಾ ಏನ ಮಾಡ್ಲಿ? ನಾ ಇಷ್ಟು ದೂರ ಬಂದಿದ್ದು ಆ ಪಾದ ಮುಟ್ಟಾಕ."

ಹಾಗೆ ಹೇಳುವಾಗ ಅವರ ಕೈ ತನ್ನಷ್ಟಕ್ಕೆ ಹಣೆಗೆ ಹೋಯಿತು. ರೂಪಾಯಿಯಗಲದ ಕುಂಕುಮ. ಗಂಡ ವೈಜನಾಥ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು; ಅದು ಮುಚ್ಚಿದ ವರ್ಷವೇ ಮನೆ ಬಿಟ್ಟು ಹೋಗಿ ಉಪ್ಪಲ್‌ನಲ್ಲಿ ತೆಲುಗಿನ ಹೆಂಗಸೊಬ್ಬಳ ಜೊತೆ ಸಂಸಾರ ಹೂಡಿದ್ದ. ಒಂದೇ ಊರು. ಈ ತುದಿಯಲ್ಲಿ ಹೆಂಡತಿ, ಆ ತುದಿಯಲ್ಲಿ ಗಂಡ. ಪಾರ್ವತಿಬಾಯಿ ಒಂದು ದಿನವೂ ಆ ಕಡೆ ಕಾಲಿಡಲಿಲ್ಲ, ಟಿವಿಯಲ್ಲಿ ಉಪ್ಪಲ್ ಕ್ರೀಡಾಂಗಣದ ಕ್ರಿಕೆಟ್ ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ಆದರೆ ಕುಂಕುಮದ ಅಗಲ ಮಾತ್ರ ಒಂದು ಎಳೆಯಷ್ಟೂ ಕಡಿಮೆಯಾಗಲಿಲ್ಲ. "ಮನಷ್ಯಾ ಹೋದ, ಮುತ್ತೈದಿತನ ಹೋಗಲಿಲ್ಲಲ್ಲ" ಎನ್ನುತ್ತಿದ್ದರು. ಇರುವುದೊಂದಾದರೂ ಇರಲಿ, ಆತ ಎಲ್ಲಿದ್ದರೂ ಇರಲಿ ಎಂದು ಪಾದ ಮುಟ್ಟಿ ಕೇಳಿಕೊಳ್ಳಬೇಕಿತ್ತು ಅವರಿಗೆ. ಅಷ್ಟೇ.

ಆಟೋದಲ್ಲಿ ಕಾವ್ಯಾ ಮೂರ್ನಾಲ್ಕು ಸಲ ಫೋನ್ ಹಚ್ಚಿದಳು. ಆ ಕಡೆ ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಗಯೆಯ ಓಣಿಗಳಲ್ಲಿ ಆಟೋ ಹೊಕ್ಕಾಗ ಅವಳ ಮುಖ ಬಿಳಿಚಿಕೊಂಡಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅದು.

ಗುಡಿಯ ಹಿಂದೆಯೇ ಫಲ್ಗು ನದಿ. "ಮೊದಲ ಕಾಲು ತೊಳಕೊಂಡು ಬರೂಣು" ಎಂದು ಪಾರ್ವತಿಬಾಯಿ ಮೆಟ್ಟಿಲ ಕಡೆ ತಿರುಗಿದರು.

"ಬ್ಯಾಡ್ರಿ ಅತ್ತಿ. ಇಲ್ಲೇ ನಳ ಐತಿ ನೋಡ್ರಿ." ಕಾವ್ಯಾ ಎರಡೂ ಕೈ ಅಗಲಿಸಿ ಅಡ್ಡ ನಿಂತೇಬಿಟ್ಟಳು.

"ಹುಚ್ಚಿ, ಫಲ್ಗು ಬಿಟ್ಟು ನಳದಾಗ ತೊಳೀಲೇನು?" ಎಂದು ಅವಳ ಕೈ ಸರಿಸಿ ಇಳಿದರು.

ನದಿಯಲ್ಲಿ ನೀರಿರಲಿಲ್ಲ. ಕಣ್ಣು ಹಾಯುವ ತನಕ ಮರಳು. ಅಲ್ಲಲ್ಲಿ ಗುಂಪು ಗುಂಪಾಗಿ ಜನ ಕುಳಿತಿದ್ದರು, ಎಲೆಯ ಮುಂದೆ, ಕರ್ಮ ಮಾಡಿಸುವ ಪಂಡಾಗಳ ಮುಂದೆ. ಪಾರ್ವತಿಬಾಯಿ ಮೆಟ್ಟಿಲು ಇಳಿಯುತ್ತ ಸುಮ್ಮನೆ ಕಣ್ಣಾಡಿಸಿದರು. ಒಂದು ಬೆನ್ನು ಗುರುತಿನದಾಗಿ ಕಂಡಿತು. ಎಡ ಹೆಗಲ ಕೆಳಗೆ ಕಪ್ಪು ಮಚ್ಚೆ. ಎಣ್ಣೆ ಹಚ್ಚಿ ನೀರೆರೆದು ಬೆಳೆಸಿದ ಬೆನ್ನು, ತಪ್ಪುವುದುಂಟೇ?

ವಿಜಯಕುಮಾರ ಒದ್ದೆ ಪಂಚೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕುಳಿತಿದ್ದ. ಬೆರಳಲ್ಲಿ ದರ್ಭೆಯ ಉಂಗುರ. ಎದುರಿಗೆ ಎಲೆಯ ಮೇಲೆ ಹಿಟ್ಟಿನ ಪಿಂಡಗಳ ಸಾಲು. ಕೈಯಿಂದ ಎಳ್ಳುನೀರು ಇಳಿಯುತ್ತಿತ್ತು.

ಪಾರ್ವತಿಬಾಯಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅಪ್ಪ ಬದುಕಿರುವ ಮಗ ಪಿಂಡ ಮುಟ್ಟುವುದಿಲ್ಲ. ಅವರ ಮನೆತನದಲ್ಲಿ ಕೂಸಿಗೂ ಗೊತ್ತಿರುವ ಮಾತು ಇದು. ಅಜ್ಜನಿಗೆ ಹಾಕುವುದಿದ್ದರೂ ಅಪ್ಪನೇ ಹಾಕಬೇಕು. ಅಪ್ಪ ಓಡಿಹೋಗಿರಲಿ, ಕುಡುಕನಿರಲಿ, ಉಸಿರು ಇರುವ ತನಕ ಮಗನ ಕೈಗೆ ಎಳ್ಳು ಬರುವುದಿಲ್ಲ.

ಕಾವ್ಯಾ ಹಿಂದಿನಿಂದ ಬಂದು ತೋಳು ಹಿಡಿದಳು. ಪಾರ್ವತಿಬಾಯಿ ಆ ಕೈಯನ್ನು ತೆಗೆದು ಪಕ್ಕಕ್ಕಿಟ್ಟು ಮರಳಿನಲ್ಲಿ ನಡೆದರು. ಮಗನ ಎದುರಿಗೆ ಹೋಗಿ ನಿಂತಾಗ ಅವನು ತಲೆ ಎತ್ತಿದ. ಕೈಯೊಳಗಿನ ಎಳ್ಳುನೀರು ತೊಡೆಯ ಮೇಲೆ ಚೆಲ್ಲಿತು.

"ಯಾವಾಗ?"

"ಅವ್ವಾ, ನೀ ಹ್ಯಾಂಗ ಇಲ್ಲಿ..."

"ಯಾವಾಗ ಅಂತ ಕೇಳಾಕತ್ತೀನಿ."

ವಿಜಯಕುಮಾರ ಎಲೆಯನ್ನು ನೋಡುತ್ತ ಹೇಳಿದ. "ಆಚೀ ವರ್ಷ. ಶ್ರಾವಣದಾಗ. ಎದಿ ನೋವು ಅಂದನಂತ. ದವಾಖಾನಿಗೆ ಒಯ್ಯೂದ್ರಾಗ..."

ಆಚೀ ವರ್ಷದ ಶ್ರಾವಣ. ಪಾರ್ವತಿಬಾಯಿ ಅಲ್ಲೇ ಮರಳಿನ ಮೇಲೆ ಕುಕ್ಕರಿಸಿದರು. ಆ ಶ್ರಾವಣದಲ್ಲಿ ಮಗ ತಲೆ ಬೋಳಿಸಿಕೊಂಡು ಬಂದಿದ್ದ. ಆಫೀಸಿನ ಗೆಳೆಯರ ಜೊತೆ ತಿರುಪತಿಗೆ ಹೋಗಿದ್ದೆ ಎಂದಿದ್ದ. ಲಾಡು ತಂದಿದ್ದ. ಆ ಲಾಡನ್ನು ಇವರು ಕಣ್ಣಿಗೊತ್ತಿಕೊಂಡು ತಿಂದು, ಅಪಾರ್ಟ್‌ಮೆಂಟಿನ ಎಲ್ಲ ಮನೆಗಳಿಗೂ ಹಂಚಿ ಬಂದಿದ್ದರು. ಮಗನಿಗೆ ದೇವರ ಮೇಲೆ ಭಕ್ತಿ ಬಂತೆಂದು ಹಿಗ್ಗಿದ್ದೇ ಹಿಗ್ಗಿದ್ದು. ಬೆನ್ನು ನೋವೆಂದು ಆತ ಚಾಪೆಯ ಮೇಲೆ ಮಲಗುತ್ತಿದ್ದ ಆಗ. ಇವರು ಕುಳಿತು ಮುಲಾಮು ತಿಕ್ಕಿದ್ದರು.

"ತಿರುಪತಿ ಲಾಡು?"

"ದಿಲ್‌ಸುಖ್‌ನಗರದ ಅಂಗಡ್ಯಾಗ ತಗೊಂಡೆ."

ಪಾರ್ವತಿಬಾಯಿ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು. ಹಸಿರು ಬಳೆಗಳು. ಕೆಳಗಿನ ಮನೆಯ ವೇದವತಿಯ ಮಗಳ ಮದುವೆಯಲ್ಲಿ ಮೊದಲ ಅರಿಶಿನ ಹಚ್ಚಿದ್ದು ಈ ಕೈ. ದೊಡ್ಡ ಮುತ್ತೈದೆ ಎಂದು ಕರೆದು, ಕಾಲು ಮುಟ್ಟಿ, ಹಚ್ಚಿಸಿಕೊಂಡಿದ್ದರು. ಎರಡು ಶ್ರಾವಣದ ಶುಕ್ರವಾರಗಳಲ್ಲಿ ಎಷ್ಟು ಮನೆಯ ಉಡಿ, ಎಷ್ಟು ಮನೆಯ ಕುಂಕುಮ. ಏನು ಮಾಡಿಬಿಟ್ಟೆ ನಾನು ಎಂದುಕೊಂಡರು. ಕಾವ್ಯಾ ಹತ್ತಿರ ಬಂದು ಕುಳಿತಳು. ಅವಳು ಅಳುತ್ತಿದ್ದಳು.

"ನಿನಗೂ ಗೊತ್ತಿತ್ತು."

"ಅತ್ತೀ, ನಿಮಗ ತಡಕೊಳ್ಳಾಕ ಆಗೂದಿಲ್ಲ ಅಂತ..."

"ಆಕೀಗೆ?" ಪಾರ್ವತಿಬಾಯಿ ಮಗನ ಕಡೆ ತಿರುಗಿದರು. ಆ ಹೆಂಗಸಿನ ಮಾತನ್ನು ಇಷ್ಟು ವರ್ಷದಲ್ಲಿ ಅವರು ಬಾಯಲ್ಲಿ ಎತ್ತಿದ್ದು ಇದೇ ಮೊದಲು. "ಉಪ್ಪಲ್‌ದಾಕೀಗೆ?"

"ಆಕೀನ ಫೋನ್ ಮಾಡಿದ್ಲು. ಬೆಂಕಿ ಕೊಡಾಕ ಬಾ ಅಂತ."

"ಅತ್ತಳೇನು?"

"ಭಾಳ ಅತ್ತಳವ್ವ."

"ಬಳಿ ಒಡದರೇನು? ಕುಂಕುಮ ತಗದರೇನು?"

ವಿಜಯಕುಮಾರ ಹೌದೆಂದು ತಲೆಯಾಡಿಸಿದ.

ಪಕ್ಕದ ಗುಂಪಿನಲ್ಲಿ ಯಾರೋ ಜೋರಾಗಿ ಮಂತ್ರ ಹೇಳುತ್ತಿದ್ದರು. ಪಾರ್ವತಿಬಾಯಿಯ ದನಿ ಏರಲಿಲ್ಲ. ಏರಿದ್ದರೆ ಮಗನಿಗೆ ಎಷ್ಟೋ ಹಗುರಾಗುತ್ತಿತ್ತು.

"ಬದುಕಿದ್ದಾಗ ಮನಷ್ಯಾ ಆಕೀ ಕಡೆ ಹೋದ. ಸತ್ತ ಮ್ಯಾಲ ಅಳೋದನ್ನೂ ಆಕೀಗೇ ಕೊಟ್ರಿ. ನನಗ ಲಾಡು ಕೊಟ್ರಿ."

"ನಿನ್ನ ಹಣಿ ಬರಿದು ನೋಡಾಕ ನನಗ ಆಗತಿರಲಿಲ್ಲವ್ವ."

"ನನ್ನ ಹಣಿ ನಿಂದೇನೋ, ವಿಜ್ಯಾ?"

ದೊಡ್ಡ ಕಂಪನಿಯಲ್ಲಿ ಇಂಗ್ಲಿಷಿನಲ್ಲಿ ಪಟಪಟ ಮಾತಾಡುವ ಮನುಷ್ಯ, ಬೆರಳಿನ ದರ್ಭೆಯನ್ನು ತಿರುವುತ್ತ ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗನ ಹಾಗೆ ಕುಳಿತ. ಕಾವ್ಯಾ ಅತ್ತೆಯ ಹಣೆಯನ್ನೇ ನೋಡುತ್ತಿದ್ದಳು. ಈಗ ಒರೆಸಿಕೊಳ್ಳುತ್ತಾರೆ, ಈಗ ಬಳೆ ಒಡೆದುಕೊಳ್ಳುತ್ತಾರೆ ಎಂದು ಕಾಯುತ್ತಿದ್ದಳು.

ಪಂಡಾ ಕೆಮ್ಮಿದ. ಮುದುಕ, ದಕ್ಷಿಣದ ಯಾತ್ರಿಕರ ಜೊತೆ ಏಗಿ ಏಗಿ ನಾಲ್ಕು ಮಾತು ಕನ್ನಡ ಕಲಿತಿದ್ದವನು. "ಅಮ್ಮಾ, ನಡುವೆ ನಿಲ್ಲಿಸಬಾರದು. ಪಿತೃ ಬಂದು ಕೂತಿದ್ದಾರೆ."

ಪಿತೃ ಬಂದು ಕೂತಿದ್ದಾರೆ. ಮನೆಗೆ ಬಾರದವನು ಇಲ್ಲಿಗೆ ಬಂದು ಕೂತಿದ್ದಾನೆ. ಪಾರ್ವತಿಬಾಯಿ ಆ ಎಲೆಯನ್ನು ದಿಟ್ಟಿಸಿದರು.

"ಮುಗಸು," ಎಂದರು ಮಗನಿಗೆ. "ಹಸದು ಕುಂದ್ರಿಸಬ್ಯಾಡ."

ವಿಜಯಕುಮಾರ ಮತ್ತೆ ಎಳ್ಳು ತೆಗೆದುಕೊಂಡ. ಪಂಡಾ ಗೋತ್ರ ಹೇಳಿಸಿದ, ಹೆಸರು ಹೇಳಿಸಿದ. ವೈಜನಾಥ ಎಂಬ ಹೆಸರು ಮಗನ ಬಾಯಿಂದ ಬಂದಾಗ ಪಾರ್ವತಿಬಾಯಿಯ ಗಂಟಲಿನಿಂದ ಒಂದು ಸಣ್ಣ ಸದ್ದು ಹೊರಟಿತು. ಅಳು ಅಂದರೆ ಅಳುವಲ್ಲ. ಬಹಳ ದಿನ ಮುಚ್ಚಿದ್ದ ಬಾಗಿಲು ತೆರೆದಾಗ ಬರುತ್ತದಲ್ಲ, ಅಂಥದ್ದು.

"ನಾನೂ ಹಾಕಬಹುದೇನ್ರಿ?" ಎಂದು ಅವರು ಪಂಡಾನನ್ನು ಕೇಳಿದರು.

ಮುದುಕ ಮಗನ ಮುಖ ನೋಡಿದ, ಸೊಸೆಯ ಮುಖ ನೋಡಿದ. ಆಮೇಲೆ ಕೈಯಿಂದ ನದಿಯ ಉದ್ದಕ್ಕೂ ತೋರಿಸಿದ. "ಸೀತಾಮಾತೆ ಇಲ್ಲೇ ಹಾಕಿದಳು, ಅಮ್ಮಾ. ರಾಮಚಂದ್ರ ಸಾಮಾನು ತರಲು ಹೋಗಿದ್ದ. ತೀರಿಹೋದ ಮಾವ ಕೈ ಚಾಚಿ ಪಿಂಡ ಕೇಳಿದರು. ಕೈಯಲ್ಲಿ ಏನೂ ಇರಲಿಲ್ಲ. ಮರಳಿನದೇ ಮಾಡಿ ಕೊಟ್ಟಳು. ತೆಗೆದುಕೊಂಡರು."

ಪಾರ್ವತಿಬಾಯಿ ಮೊಣಕಾಲೂರಿ ಮರಳು ಬಗೆಯತೊಡಗಿದರು. ಮೇಲಿನದು ಕಾದು ಕೆಂಡವಾಗಿತ್ತು. ಒಳಗೆ ಹೋದಂತೆ ತಂಪಾಯಿತು, ಆಮೇಲೆ ಒದ್ದೆಯಾಯಿತು. ಕಾವ್ಯಾ ಕೈ ಹಚ್ಚಲು ಬಂದಳು, ಬೇಡವೆಂದು ತಲೆಯಾಡಿಸಿದರು. ಮೊಳಕೈವರೆಗೆ ತೋಳು ಇಳಿದಾಗ ಬಳೆಗಳ ನಡುವೆ ನೀರು ಜಿನುಗಿತು. ಎರಡು ಹಿಡಿ ಒದ್ದೆ ಮರಳು ತೆಗೆದು, ಅಂಗೈಯಲ್ಲಿಟ್ಟು ಒತ್ತಿದರು. ಉದುರಿತು. ಮತ್ತೆ ತೆಗೆದರು. ಹಣೆಯ ಬೆವರು ಕಣ್ಣಿಗಿಳಿಯಿತು. ಹೆಬ್ಬೆರಳಿನಿಂದ ಅದನ್ನು ಒರೆಸಿದರು, ಹುಬ್ಬಿನಿಂದ ಮೇಲಕ್ಕೆ, ಉದ್ದಕ್ಕೆ. ಅದೇ ಬೆರಳಿನಿಂದ ಮರಳನ್ನು ಗಟ್ಟಿಯಾಗಿ ಒತ್ತಿ ಉಂಡೆ ಮಾಡಿ, ಮಗನ ಎಲೆಯ ಪಕ್ಕದಲ್ಲಿ, ಎಲೆಯ ಹೊರಗೆ, ನೆಲದ ಮೇಲಿಟ್ಟರು.

ಪಂಡಾ ಮಂತ್ರ ಮುಗಿಸಿ ಎದ್ದ. ಮೆಟ್ಟಿಲ ನೆರಳಿನಲ್ಲಿ ಕಾಯುತ್ತಿದ್ದ ಹಸುವೊಂದು ನಿಧಾನವಾಗಿ ಬಂತು. ವಿಜಯಕುಮಾರನ ಪಿಂಡಗಳನ್ನು ಒಂದೊಂದಾಗಿ ತಿಂದಿತು, ಎಲೆಯನ್ನೂ ತಿಂದಿತು. ಕೊನೆಗೆ ಮರಳಿನ ಉಂಡೆಯನ್ನು ಮೂಸಿ ನೋಡಿ, ಮುಂದಿನ ಗುಂಪಿನ ಕಡೆ ಹೋಯಿತು. ಉಂಡೆ ಅಲ್ಲೇ ಉಳಿಯಿತು. ಬಿಸಿಲಿಗೆ ಅದರ ಮೈ ಒಣಗಿ ಬಿಳಿಯಾಗುತ್ತ ಬಂತು, ಹೆಬ್ಬೆರಳು ಒತ್ತಿದ್ದ ಕೆಂಪು ಗುಳಿಯೊಂದನ್ನು ಬಿಟ್ಟು.