ಯಾರೂ ಬಂದು ಒಯ್ಯದ ಅಂಗಿಗಳು

ಅವಳನ್ನು ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಲಾಂಡ್ರಿಯೊಳಗೆ ಸದಾ ಹಬೆ. ಆ ಹಬೆಯಲ್ಲಿ ಅವಳು, ಮಾತಿನಮಲ್ಲಿ ನಾದಿನಿ, ಗೋಡೆಯುದ್ದಕ್ಕೂ ಹೆಸರಿನ ಚೀಟಿ ಹೊತ್ತು ತೂಗುವ ಬಟ್ಟೆಗಳು.

ಆ ವರ್ಷ ಬಟ್ಟೆ ಕೊಟ್ಟುಹೋದ ಕೆಲವರು ಮರಳಿ ಬರಲೇ ಇಲ್ಲ. ಕಾಲೇಜು ಮೇಷ್ಟ್ರು, ಒಬ್ಬ ದಾದಿ, ಪೋಸ್ಟ್‌ಮ್ಯಾನ್. ಸರ್ಕಾರದ ವಿರುದ್ಧ ಬಾಯಿಬಿಟ್ಟವರನ್ನು ಹಾಡಹಗಲೇ ಜೀಪು ಒಯ್ಯುತ್ತಿತ್ತು. ಮನೆಯವರು ಹೋಗಿ ಕೇಳಿದರೆ 'ನಾವು ಯಾರನ್ನೂ ಹಿಡಿದಿಲ್ಲ' ಎಂಬ ಒಂದೇ ಉತ್ತರ. ಐದು ಜನ ಒಟ್ಟಿಗೆ ನಿಂತರೂ ಜೈಲು ಎಂದು ಬೀದಿಬೀದಿಯಲ್ಲಿ ಸಾರಿದ್ದರು.

ಪೋಸ್ಟ್‌ಮ್ಯಾನನ ತಾಯಿ ವಾರಕ್ಕೊಮ್ಮೆ ಬಂದು ಮಗನ ನೀಲಿ ಅಂಗಿಯನ್ನು ಮುಟ್ಟಿ ನೋಡುತ್ತಿದ್ದಳು. "ಇಲ್ಲೇ ಇರ್ಲಿ ಬಿಡಮ್ಮ. ಮನೆಗೆ ಒಯ್ದ್ರೆ ಅವ್ನು ಬರಲ್ಲ ಅಂತ ಒಪ್ಕೊಂಡ ಹಾಗಾಗುತ್ತೆ."

ಒಂದು ದಿನ ಆಕೆ ಅತ್ತ ಹೋದದ್ದೇ, ಇಸ್ತ್ರಿ ಅಕ್ಕ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು.

"ಬರದೇ ಹೋದೋರ ಬಟ್ಟೆನೆಲ್ಲ ಚೌಕದಲ್ಲಿ ತೂಗು ಹಾಕ್ತೀನಿ."

"ತಲೆ ಕೆಟ್ಟಿದ್ಯಾ ಅತ್ತಿಗೆ? ಒಳಗೆ ಹಾಕ್ತಾರೆ!"

"ಹಾಕ್ಲಿ. ನೀನು ಹೊರಗಿರು. ಇಬ್ರೂ ಒಳಗೆ ಹೋದ್ರೆ ಅಂಗಡಿ ಬಾಗಿಲು ತೆಗೆಯೋರ್ಯಾರು?"

ನಾದಿನಿ ಗೊಣಗುತ್ತಲೇ ಹಗ್ಗ ಹುಡುಕತೊಡಗಿದಳು.

ಮರುಬೆಳಗ್ಗೆ ಊರೆಲ್ಲ ಮಂಜು. ಸಚಿವಾಲಯದ ಎದುರಿನ ಚೌಕದಲ್ಲಿ ಇಸ್ತ್ರಿ ಅಕ್ಕ ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದಳು. ಒಂದೊಂದೇ ಬಟ್ಟೆಗೆ ಕ್ಲಿಪ್ಪು ಹಾಕಿದಳು. ಮಂಜಿನಲ್ಲಿ ಹಗ್ಗ ಕಾಣದಾಯಿತು. ಬಟ್ಟೆಗಳಷ್ಟೇ ಆಳೆತ್ತರದಲ್ಲಿ ಸಾಲಾಗಿ ನಿಂತಂತಿದ್ದವು. ಗಾಳಿ ಬಂದಾಗ ಒಂದೊಂದೂ ಉಸಿರೆಳೆದುಕೊಂಡಂತೆ ಎದೆಯುಬ್ಬಿಸಿತು. ದಾದಿಯ ಬಿಳಿ ಉಡುಪು ಏನೋ ಹೇಳುವುದಿದೆ ಎಂಬಂತೆ ಮೇಷ್ಟ್ರ ಕೋಟಿನತ್ತ ವಾಲಿತು.

ಕೆಲಸಕ್ಕೆ ಹೊರಟವರು ನಿಂತರು. ಬಸ್ಸಿಳಿದವರು ನಿಂತರು. ಯಾರೂ ಕೂಗಲಿಲ್ಲ. ಪೋಸ್ಟ್‌ಮ್ಯಾನನ ತಾಯಿ ಮಂಜಿನೊಳಗಿಂದ ಬಂದು, ರಸ್ತೆ ದಾಟಿಸಲು ಮಗುವಿನ ಕೈ ಹಿಡಿಯುವಂತೆ ನೀಲಿ ಅಂಗಿಯ ತೋಳು ಹಿಡಿದುಕೊಂಡಳು. ಬ್ಯಾಂಕಿನ ಗುಮಾಸ್ತನೊಬ್ಬ ಚೀಲ ಕೆಳಗಿಟ್ಟು ಪಕ್ಕದ ಬಟ್ಟೆಯ ತೋಳು ಹಿಡಿದ. ಐದು ಮಂದಿಯಾದರು, ಐವತ್ತಾದರು. ಆಮೇಲೆ ಎಷ್ಟಾದರೋ ಮಂಜಿಗೇ ಗೊತ್ತು.

ಜೀಪು ಬಂತು. "ಯಾರ್ದಿದು ಬಟ್ಟೆ?" ಅಧಿಕಾರಿ ಗದರಿದ.

"ಯಾರ್ದೂ ಅಲ್ಲ ಸಾರ್," ಎಂದಳು ಇಸ್ತ್ರಿ ಅಕ್ಕ. "ಯಾರನ್ನೂ ಹಿಡಿದಿಲ್ಲ ಅಂತ ನೀವೇ ಹೇಳಿದ್ರಲ್ಲ."

ಯಾರೋ ಕಿಸಕ್ಕೆಂದರು. ನಗು ತೋಳಿಂದ ತೋಳಿಗೆ ಹರಿದು ಚೌಕದ ಆ ತುದಿ ಮುಟ್ಟಿತು. ಜೀಪಿಗೆ ಹತ್ತಿಸುವಾಗ ಅವಳಿಗೆ ಭಯವಾಗಿತ್ತು ನಿಜ. ಆದರೂ ಕಾಲು ನೆಲಕ್ಕೆ ತಾಗುತ್ತಿಲ್ಲವೇನೋ ಅನಿಸಿತ್ತು.

ಎಂಟು ತಿಂಗಳ ಶಿಕ್ಷೆಯಾಯಿತು. ಬಟ್ಟೆಗಳನ್ನು ಸಾಕ್ಷ್ಯವೆಂದು ಮೂಟೆ ಕಟ್ಟಿ ಒಯ್ದರು. ಮರುದಿನ ಜನ ಕಾಣೆಯಾದ ತಮ್ಮವರ ಬಟ್ಟೆಗಳನ್ನು ಮನೆಯಿಂದಲೇ ತಂದು ತೂಗುಹಾಕಿದರು, ಅದರ ಮರುದಿನವೂ. ಹಿಡಿದಷ್ಟೂ ಜನ ಬಂದರು. ಮೂರನೆಯ ವಾರ ಸಚಿವಾಲಯದ ಗೇಟಿಗೆ ಬಂದಿಗಳ ಪಟ್ಟಿ ಅಂಟಿಸಿದರು. ಎಲ್ಲರ ಹೆಸರೂ ಅದರಲ್ಲಿರಲಿಲ್ಲ. ಮೇಷ್ಟ್ರದಂತೂ ಇರಲಿಲ್ಲ.

ಜೈಲಿನ ಭೇಟಿಯ ದಿನ ಪೋಸ್ಟ್‌ಮ್ಯಾನನ ತಾಯಿ ಜಾಲರಿಯ ಆಚೆ ಬಂದು ಕೂತಳು.

"ಇದ್ದಾನಂತೆ," ಎಂದಳು. "ಏಳನೇ ಹೆಸ್ರು. ನಾನೇ ಬೆರಳಿಟ್ಟು ಓದ್ದೆ."

ಇಸ್ತ್ರಿ ಅಕ್ಕ ಜಾಲರಿಗೆ ಹಣೆಯಾನಿಸಿದಳು. ಆಚೆಯಿಂದ ಒಂದು ಬೆರಳು ಬಂದು ಅವಳ ಕೂದಲು ಸರಿಸಿತು.

"ಸೊರಗಿದ್ದೀಯ. ಹೊಟ್ಟೆ ತುಂಬ ಊಟ ಹಾಕ್ತಾರೇನಮ್ಮ?"

"ಹಾಕ್ತಾರೆ. ಉಪ್ಪು ಹಾಕೋದು ಮರೀತಾರೆ, ಅಷ್ಟೇ."

ಇಬ್ಬರೂ ಅಳುತ್ತಲೇ ನಕ್ಕರು. ಕಾವಲಿನವಳು ಗಡಿಯಾರ ನೋಡಿದಳು, ಮತ್ತೆ ನೋಡದವಳಂತೆ ಕಿಟಕಿಯತ್ತ ತಿರುಗಿ ನಿಂತಳು.